ಅಳೆದು ತೂಗಿ ಕತ್ತರಿಸುವ ಕಾಸ್‌9

ಕ್ರಿಸ್ಪರ್ ಎಂದೊಡನೆ ನೆನಪಾಗುವುದು 'ಜೀನ್ ಕತ್ತರಿ' ಎಂಬ ಹೆಸರು. ಆದರೆ ಆ ಕತ್ತರಿಯಾಗಿರುವ ಕಾಸ್‌9 ಎಂಬ ಕಿಣ್ವಕ್ಕೆ ಕತ್ತರಿಸುವುದು ಕಟ್ಟಕಡೆಯ ಕೆಲಸ. ಅದಕ್ಕೂ ಮೊದಲು ಅದು ಹುಡುಕುತ್ತದೆ, ಓದುತ್ತದೆ, ತಾಳೆ ನೋಡುತ್ತದೆ. ಒಂದೊಂದು ಹಂತ ದಾಟುವಾಗಲೂ ತನ್ನ ಮೈಯ ಆಕಾರವನ್ನೇ ಬದಲಿಸಿಕೊಳ್ಳುತ್ತದೆ.

ಸ್ಟ್ರೆಪ್ಟೊಕಾಕಸ್ ಪಯೋಜಿನಿಸ್ ಬ್ಯಾಕ್ಟೀರಿಯಾದ ಕಾಸ್‌9ನಲ್ಲಿ 1,368 ಅಮೈನೊ ಆಮ್ಲಗಳಿವೆ. ಇವು ಮಡಚಿಕೊಂಡು ಎರಡು ಹಾಲೆಗಳಾಗಿವೆ: ಒಂದು ಗುರುತು ಹಿಡಿಯಲು, ಇನ್ನೊಂದು ಕತ್ತರಿಸಲು. ಒಂಟಿಯಾಗಿದ್ದಾಗ ಈ ಕಿಣ್ವ ನಿರುಪದ್ರವಿ. ಎಲ್ಲಿ ಕತ್ತರಿಸಬೇಕೆಂದು ತೋರಿಸುವ ಮಾರ್ಗದರ್ಶಿ ಆರ್‌ಎನ್‌ಎ ಬಂದು ಸೇರಿದಾಗ ಹಾಲೆಗಳು ಹೊರಳಿ, ಡಿಎನ್‌ಎ ಹಿಡಿಸುವಷ್ಟು ಅಗಲದ ಕಾಲುವೆಯೊಂದು ನಡುವೆ ತೆರೆದುಕೊಳ್ಳುತ್ತದೆ.

ಮನುಷ್ಯನ ಜೀನೋಮಿನಲ್ಲಿ ಸುಮಾರು 300 ಕೋಟಿ ಅಕ್ಷರ ಜೋಡಿಗಳಿವೆ. ಅಷ್ಟನ್ನೂ ಬಿಚ್ಚಿ ಓದುತ್ತ ಕೂರುವ ಹಾಗಿಲ್ಲ. ಅದಕ್ಕೇ ಕಾಸ್‌9 ಮೊದಲು 'ಪ್ಯಾಮ್' ಎಂಬ ಪುಟ್ಟ ಗುರುತನ್ನು ಹುಡುಕುತ್ತದೆ: ಯಾವುದಾದರೂ ಒಂದು ಅಕ್ಷರ, ಅದರ ಬೆನ್ನಿಗೆ ಎರಡು 'ಜಿ'. ಕಿಣ್ವದ ಎರಡು ಆರ್ಜಿನಿನ್‌ಗಳು ಆ ಜೋಡಿ 'ಜಿ'ಗಳನ್ನು ತಡವಿ ಗುರುತಿಸುತ್ತವೆ. ಅವು ಇಲ್ಲದ ಕಡೆ ಕಾಸ್‌9 ನಿಲ್ಲುವುದಿಲ್ಲ.

ಗುರುತು ಸಿಕ್ಕಿತೆನ್ನಿ. ಪಕ್ಕದ ಡಿಎನ್‌ಎ ಎಳೆಗಳು ಬೇರ್ಪಡತೊಡಗುತ್ತವೆ. ಆರ್‌ಎನ್‌ಎಯ 20 ಅಕ್ಷರಗಳು ಪ್ಯಾಮ್ ಬದಿಯಿಂದ ಶುರುಮಾಡಿ ಒಂದೊಂದಾಗಿ ಡಿಎನ್‌ಎ ಎಳೆಯೊಂದರ ಜೊತೆ ಹೆಣೆದುಕೊಳ್ಳುತ್ತವೆ. ಮೊದಲ ಹತ್ತು–ಹನ್ನೆರಡು ಅಕ್ಷರಗಳ ಪರೀಕ್ಷೆ ಬಲು ಬಿಗಿ. ಅಲ್ಲಿ ತಾಳೆಯಾಗದಿದ್ದರೆ ಸಾಮಾನ್ಯವಾಗಿ ಹೆಣಿಗೆ ಬಿಚ್ಚಿಕೊಳ್ಳುತ್ತದೆ, ಕಿಣ್ವ ಮುಂದಕ್ಕೆ ಹೋಗುತ್ತದೆ.

ಇಷ್ಟಾದರೂ ಅಲಗು ಇನ್ನೂ ಒರೆಯಲ್ಲೇ ಇದೆ. ಎಚ್‌ಎನ್‌ಎಚ್ ಎಂಬ ಆ ಅಲಗು ಕತ್ತರಿಸಬೇಕಾದ ಜಾಗದಿಂದ ಸುಮಾರು 3 ನ್ಯಾನೊಮೀಟರ್ ದೂರದಲ್ಲಿದೆ; ಗುರುತು ಹಿಡಿಯುವ ಹಾಲೆಯ ಒಂದು ಭಾಗ ಅದಕ್ಕೆ ಅಡ್ಡ ನಿಂತಿದೆ. ಹೆಣಿಗೆ ಉದ್ದವಾಗಿ ಆಚೆ ತುದಿ ಮುಟ್ಟಿದಾಗ ಅದೇ ಹಾಲೆಯ ಇನ್ನೊಂದು ಭಾಗಕ್ಕೆ ಅದರ ಸ್ಪರ್ಶ ತಿಳಿಯುತ್ತದೆ. ಆಗ ಅಡ್ಡ ನಿಂತದ್ದು ಸರಿಯುತ್ತದೆ, ಎಚ್‌ಎನ್‌ಎಚ್ ಹೆಚ್ಚುಕಡಿಮೆ ಅರ್ಧ ಸುತ್ತು ತಿರುಗಿ ಜಾಗಕ್ಕೆ ಬಂದು ಒಂದು ಎಳೆಯನ್ನು ಕಡಿಯುತ್ತದೆ. ರುವ್‌ಸಿ ಎಂಬ ಎರಡನೆಯ ಅಲಗು ಇನ್ನೊಂದು ಎಳೆಯನ್ನು ಕಡಿಯುತ್ತದೆ.

ಇಷ್ಟು ಜಾಗರೂಕ ಕಿಣ್ವವೂ ಒಮ್ಮೊಮ್ಮೆ ಮೋಸಹೋಗುತ್ತದೆ. ಹೇಗೆಂಬುದನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2022ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡರು. ಹೆಣಿಗೆಯ 18ರಿಂದ 20ನೇ ಅಕ್ಷರಗಳು ಹೊಂದದಿದ್ದಾಗ, ರುವ್‌ಸಿಯ ಕುಣಿಕೆಯೊಂದು ಚಾಚಿಕೊಂಡು ಆ ಸಡಿಲ ತುದಿಗೆ ಊರುಗೋಲಾಗುತ್ತಿತ್ತು. ಹೆಣಿಗೆ ಸರಿಯಿದೆಯೆಂದು ಭ್ರಮಿಸಿ ಅಲಗು ತಿರುಗುತ್ತಿತ್ತು. ಆ ಕುಣಿಕೆಯನ್ನು ಬದಲಿಸಿ ರೂಪಿಸಿದ 'ಸೂಪರ್‌ಫೈ' ಕಾಸ್‌9 ಪ್ರನಾಳದಲ್ಲಿ ತಪ್ಪನ್ನು ಬಹಳ ಕಡಿಮೆ ಮಾಡಿತು. ಜೀವಕೋಶದೊಳಗೆ ಮಾತ್ರ ಅದರ ಕೆಲಸ ತೀರ ಕುಗ್ಗಿತು. ಪರೀಕ್ಷೆಯ ಬಿಗಿಯನ್ನೂ ಕೆಲಸದ ಚುರುಕನ್ನೂ ಒಟ್ಟಿಗೆ ಪಡೆಯುವುದು ಸುಲಭವಲ್ಲ.

2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಕಾಸ್‌9 ಆಧಾರಿತ ಚಿಕಿತ್ಸೆಯನ್ನು ಒಪ್ಪಿದವು. ಚಾಮರಾಜನಗರದ ಸೋಲಿಗರಂಥ ಸಮುದಾಯಗಳಲ್ಲೂ ಈ ಕಾಯಿಲೆ ಇದೆ. ಅವರ ರಕ್ತದ ಕಾಂಡಕೋಶಗಳಿಗೆ ಇಂಥ ಕಿಣ್ವವನ್ನು ಸೇರಿಸುವ ದಿನ ಬಂದಾಗ ನಾವು ನೆಚ್ಚಬೇಕಾದದ್ದು ಅಲಗಿನ ಹರಿತವನ್ನಲ್ಲ. ತಾಳೆಯಾಗುವ ತನಕ ಆ ಅಲಗನ್ನು ಹಿಡಿದಿಡುವ ಅಡ್ಡಿಯನ್ನು.