ಕನ್ನಡದ ಸುಸ್ತು, ಮರಾಠಿಯ ಸುಸ್ತ

ಪುಣೆಯಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಒಂದು ವಿದ್ಯೆ ಯಾರೂ ಹೇಳಿಕೊಡದೆಯೇ ಬಂದುಬಿಡುತ್ತದೆ. ಅದು ದುಭಾಷಿಯ ವಿದ್ಯೆ. ಬ್ಯಾಂಕಿನಲ್ಲಿ, ತರಕಾರಿ ಮಂಡಿಯಲ್ಲಿ, ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ಅಜ್ಜಿಯ ಇಲ್ಲವೆ ತಾಯಿಯ ಕನ್ನಡವನ್ನು ಮರಾಠಿ ಮಾಡಿ ಹೇಳುತ್ತಲೇ ನೀವು ದೊಡ್ಡವರಾದಿರಿ. ಅಲ್ಲೆಲ್ಲ ಒಂದು ಶಬ್ದ ಅತ್ತಿತ್ತ ಆದರೂ ನಡೆದೀತು. ಡಾಕ್ಟರರ ಮುಂದೆ ಕುಳಿತಾಗ ಅಷ್ಟು ಸುಲಭವಿಲ್ಲ.

‘ಸುಸ್ತು’ ಎಂಬ ಒಂದೇ ಶಬ್ದವನ್ನು ತೆಗೆದುಕೊಳ್ಳಿ. “ಭಾಳ ಸುಸ್ತ ಆಗ್ತದಪ್ಪಾ, ಮೈಯೆಲ್ಲ ಭಾರ ಅನಸ್ತದ” ಎಂದು ತಾಯಿ ಹೇಳಿದರೆ ಆಕೆಯ ಮೈಯಲ್ಲಿ ಶಕ್ತಿಯೇ ಇಲ್ಲ ಎಂದರ್ಥ. ಮಗ ಅದನ್ನೇ ಮರಾಠಿಯಲ್ಲಿ “ಆಈ ಹಲ್ಲೀ ಖೂಪ್ ಸುಸ್ತ್ ಅಸತೆ” ಎನ್ನುತ್ತಾನೆ. ಶಬ್ದ ಅದೇ, ಅರ್ಥ ಮಾತ್ರ ಬೇರೆ. ಮರಾಠಿಯಲ್ಲಿ ಸುಸ್ತ ಎಂದರೆ ಜಡ, ಮಂದ, ಆಲಸಿ. ದಣಿವನ್ನು ಹೇಳಬೇಕಾದರೆ ‘ಥಕವಾ’ ಎನ್ನಬೇಕು. ‘ಸಂಕಟ’ದ ಕಥೆಯೂ ಹೀಗೆಯೇ. ನಮ್ಮಲ್ಲಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ, ಮರಾಠಿಯಲ್ಲಿ ಸಂಕಟವೆಂದರೆ ದೊಡ್ಡ ಆಪತ್ತು. ಧಾರವಾಡ, ವಿಜಯಪುರದ ಕಡೆಯ ಮನೆಗಳಲ್ಲಿ ‘ಥಂಡಿ ಆಗ್ಯಾದ’ ಎಂದರೆ ನೆಗಡಿ. ಇಲ್ಲಿಯವರು ‘ಥಂಡಿ ವಾಜತೆ’ ಎಂದರೆ ಚಳಿ. ಹೆಚ್ಚಿನ ಕಾಯಿಲೆಗಳಲ್ಲಿ ಇಂತಹ ಗೊಂದಲಗಳು ನಗೆಚಾಟಿಕೆಗೆ ಸರಿ. ಆದರೆ ಸುಸ್ತು ಮತ್ತು ಚಳಿಗಳೇ ಮುಖ್ಯ ಲಕ್ಷಣಗಳಾದ ಕಾಯಿಲೆಯೊಂದಿದೆ. ಅದು ಥೈರಾಯ್ಡ್.

ಕತ್ತಿನ ಮುಂಭಾಗದಲ್ಲಿ, ಗಂಟಲಮಣಿಯ ಕೆಳಗೆ, ಚಿಟ್ಟೆಯ ಆಕಾರದಲ್ಲಿರುವ ಗ್ರಂಥಿ ಇದು. ತೂಕ ಸುಮಾರು 20 ಗ್ರಾಂ. ನಿಮ್ಮ ಮರಾಠಿ ಪಠ್ಯಪುಸ್ತಕದಲ್ಲಿ ಇದನ್ನು ‘ಅವಟು ಗ್ರಂಥಿ’ ಎಂದು ಓದಿರಬಹುದು. ಇದು ಊದಿಕೊಂಡರೆ ಕನ್ನಡದಲ್ಲಿ ಗಳಗಂಡ, ಮರಾಠಿಯಲ್ಲಿ ಗಲಗಂಡ. ಸದ್ಯ, ಅಲ್ಲಿ ಎರಡು ಭಾಷೆಗಳೂ ಕೈಕೈ ಹಿಡಿದಿವೆ. ದೇಹದ ಪ್ರತಿಯೊಂದು ಕೆಲಸದ ವೇಗವನ್ನು ನಿರ್ಧರಿಸುವ ಹಾರ್ಮೋನು ಇಲ್ಲಿ ತಯಾರಾಗುತ್ತದೆ. ಅದು ಕಡಿಮೆಯಾದರೆ ಎಲ್ಲವೂ ನಿಧಾನ: ದಣಿವು, ಚಳಿ ತಾಳಲಾಗದಿರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮುಖ ಊದುವುದು, ಮರೆವು, ಮಂಕುತನ, ಸ್ವಲ್ಪ ತೂಕ ಏರುವುದು. ಹೆಂಗಸರಲ್ಲಿ ಮುಟ್ಟಿನ ಸ್ರಾವ ಹೆಚ್ಚುವುದೂ ಉಂಟು. ಇದರಲ್ಲಿ ಯಾವುದೊಂದನ್ನೂ ತೋರಿಸಿ ‘ಇದೇ ಥೈರಾಯ್ಡ್’ ಎನ್ನುವಂತಿಲ್ಲ. ಕಾಲೇಜಿನ ಹುಡುಗನಾದರೆ ಸೋಮಾರಿ ಎನಿಸಿಕೊಳ್ಳುತ್ತಾನೆ, ಹಿಂಜೆವಾಡಿಯಲ್ಲಿ ಕಂಪ್ಯೂಟರ್ ಮುಂದೆ ಕೂರುವ ಹುಡುಗಿಗೆ ಕೆಲಸದ ಒತ್ತಡ ಎನ್ನುತ್ತಾರೆ, ಐವತ್ತರ ತಾಯಿಗೆ ‘ವಯಸ್ಸಾಯಿತು’ ಎನ್ನುತ್ತಾರೆ. ಮೂವರ ಕಾಯಿಲೆಯೂ ಒಂದೇ ಇರಬಹುದು.

ಇದು ಅಪರೂಪದ್ದೂ ಅಲ್ಲ. ಪುಣೆಯ ಚೆಲ್ಲಾರಾಮ್ ಡಯಾಬಿಟಿಸ್ ಸಂಸ್ಥೆಯ ಡಾ. ಎ.ಜಿ. ಉನ್ನಿಕೃಷ್ಣನ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸಮೀಕ್ಷೆ ಪ್ರಕಟಿಸಿದರು. ಬೆಂಗಳೂರು, ಮುಂಬಯಿ, ಗೋವೆ ಸೇರಿ ಎಂಟು ಕಡೆಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದಾಗ ಸುಮಾರು ನೂರಕ್ಕೆ 11 ಜನರಲ್ಲಿ ಥೈರಾಯ್ಡ್ ಕೊರತೆ ಕಂಡುಬಂತು. ಅವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಅದು ತಮಗಿದೆಯೆಂದೇ ಅದುವರೆಗೆ ಗೊತ್ತಿರಲಿಲ್ಲ. ನಮ್ಮ ಸಂಘದ ಯಾವುದೇ ಕಾರ್ಯಕ್ರಮದ ಊಟದ ಪಂಕ್ತಿಯನ್ನು ಕಣ್ಣ ಮುಂದೆ ತಂದುಕೊಂಡು ನೀವೇ ಲೆಕ್ಕ ಹಾಕಿ.

ರಕ್ತಪರೀಕ್ಷೆಯ ವರದಿ ಕೈಗೆ ಬಂದಾಗ ಇನ್ನೊಂದು ಗಲಿಬಿಲಿ ಶುರು. ‘ಟಿ.ಎಸ್.ಎಚ್. ಹೆಚ್ಚಾಗಿದೆ’ ಎಂದು ಬರೆದಿರುತ್ತದೆ, ಡಾಕ್ಟರರು ‘ಥೈರಾಯ್ಡ್ ಕಡಿಮೆಯಾಗಿದೆ’ ಎನ್ನುತ್ತಾರೆ. ಹೆಚ್ಚೋ ಕಡಿಮೆಯೋ? ಎರಡೂ ಸರಿ. ಟಿ.ಎಸ್.ಎಚ್. ಎಂಬುದು ಥೈರಾಯ್ಡಿನ ಹಾರ್ಮೋನಲ್ಲ, ಮಿದುಳಿನ ಕೆಳಗಿರುವ ಪಿಟ್ಯೂಟರಿ ಗ್ರಂಥಿ ಥೈರಾಯ್ಡನ್ನು ಕೂಗುವ ಕೂಗು. ಅಡಿಗೆಮನೆಯಿಂದ ತಾಯಿ ಕರೆದಾಗ ನೀವು ಓಗೊಡದಿದ್ದರೆ ಆಕೆಯ ದನಿ ಏರುತ್ತದಲ್ಲ, ಹಾಗೆ. ಗ್ರಂಥಿ ಸುಮ್ಮನಿದ್ದಷ್ಟೂ ಟಿ.ಎಸ್.ಎಚ್. ಏರುತ್ತದೆ. ಸಾಮಾನ್ಯವಾಗಿ ಇದು 0.4ರಿಂದ 4ರ ಆಸುಪಾಸಿನಲ್ಲಿರಬೇಕು. ಲ್ಯಾಬಿನಿಂದ ಲ್ಯಾಬಿಗೆ ಈ ಗೆರೆ ಸ್ವಲ್ಪ ಸರಿಯುತ್ತದೆ. ದಿನದ ವೇಳೆಯಿಂದಲೂ ಅಂಕಿ ಬದಲಾಗುತ್ತದೆ, ರಾತ್ರಿ ಏರಿ ಮಧ್ಯಾಹ್ನಕ್ಕೆ ಇಳಿಯುತ್ತದೆ. ಆದ್ದರಿಂದ ಒಂದೇ ಲ್ಯಾಬು, ಒಂದೇ ಹೊತ್ತು, ಮತ್ತು ಆ ದಿನದ ಮಾತ್ರೆ ನುಂಗುವ ಮೊದಲು: ಹೀಗೆ ಮಾಡಿಸಿದ ವರದಿಗಳನ್ನು ಮಾತ್ರ ಒಂದರ ಪಕ್ಕ ಒಂದಿಟ್ಟು ನೋಡಬಹುದು. ಅಂಕಿ 5 ಅಥವಾ 6 ಬಂದು ಟಿ-4 ಸರಿಯಾಗಿದ್ದರೆ ಹಲವು ವೈದ್ಯರು ಕೂಡಲೇ ಮಾತ್ರೆ ಬರೆಯದೆ ಎರಡು ಮೂರು ತಿಂಗಳ ನಂತರ ಇನ್ನೊಮ್ಮೆ ನೋಡೋಣ ಎನ್ನುತ್ತಾರೆ. ಅದು ಅಸಡ್ಡೆಯಲ್ಲ, ಎಷ್ಟೋ ಸಲ ಅದು ತಾನಾಗಿ ಇಳಿಯುತ್ತದೆ.

ಈ ಗ್ರಂಥಿ ಯಾಕೆ ಸೋಲುತ್ತದೆ? ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಮುಖ್ಯ ಕಾರಣ ಅಯೋಡಿನ್ ಕೊರತೆ. ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು 1956ರಿಂದ ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಉಪ್ಪಿಗೆ ಅಯೋಡಿನ್ ಬೆರೆಸಿ ಗಳಗಂಡವನ್ನು ಇಳಿಸಿ ತೋರಿಸಿದರು. 1962ರಲ್ಲಿ ಸರಕಾರದ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇಂದು ನಮ್ಮ ಅಡಿಗೆಮನೆಯ ಪೊಟ್ಟಣದ ಉಪ್ಪಿನಲ್ಲಿ ಸಾಕಷ್ಟು ಅಯೋಡಿನ್ ಇದೆ. ಈಗ ಪಟ್ಟಣಗಳಲ್ಲಿ ಹೆಚ್ಚಾಗಿ ಕಾಣುವ ಕಾರಣ ಬೇರೆ: ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪು ತಿಳಿದು ಸ್ವಂತ ಗ್ರಂಥಿಯ ಮೇಲೆ ದಾಳಿ ಮಾಡುತ್ತದೆ. ಹಕಾರು ಹಶಿಮೊಟೊ ಎಂಬ ಜಪಾನಿ ವೈದ್ಯ 1912ರಲ್ಲಿ ನಾಲ್ವರು ಹೆಂಗಸರ ಗ್ರಂಥಿಗಳಲ್ಲಿ ಇದರ ಗುರುತನ್ನು ವಿವರಿಸಿದ, ಅವನ ಹೆಸರೇ ಕಾಯಿಲೆಗೆ ನಿಂತಿತು. ಇದು ಮನೆತನದಲ್ಲಿ ಹರಿದು ಬರುವುದುಂಟು. ಹಾಗೆಂದೇ ತಾಯಿಗೋ ಸೋದರತ್ತೆಗೋ ಇದ್ದರೆ ನಿಮ್ಮ ಡಾಕ್ಟರರಿಗೆ ಅದನ್ನು ಹೇಳಬೇಕು. ಗಂಡಸರಿಗಿಂತ ಹೆಂಗಸರಲ್ಲಿ ಇದು ಹಲವು ಪಟ್ಟು ಹೆಚ್ಚು. ‘ಇದು ಹೆಂಗಸರ ಕಾಯಿಲೆ’ ಎಂದು ಗಂಡುಮಕ್ಕಳು ಪರೀಕ್ಷೆ ಮಾಡಿಸದೇ ಉಳಿಯುವುದಕ್ಕೂ ಅದೇ ಕಾರಣ.

ಹಶಿಮೊಟೊ ಕಾಯಿಲೆಯ ಮೊದಲ ದಿನಗಳು ಇನ್ನೂ ಗೋಜಲು. ಗಾಯಗೊಂಡ ಗ್ರಂಥಿಯಿಂದ ಕೂಡಿಟ್ಟ ಹಾರ್ಮೋನು ಒಮ್ಮೆಲೇ ಸೋರಿ ಕೆಲವರಿಗೆ ಕೆಲವು ವಾರ ಎದೆ ಡವಡವ, ಬೆವರು, ಕೈನಡುಕ, ನಿದ್ದೆಗೇಡು. ಆಮೇಲೆ ಅದೇ ವ್ಯಕ್ತಿ ಹಾಸಿಗೆಯಿಂದ ಏಳಲಾರ. ಮನೆಯವರಿಗೆ ಇದು ನಾಟಕವೆನ್ನಿಸಿದರೆ ಆಶ್ಚರ್ಯವಿಲ್ಲ. ಎದೆಬಡಿತ ಮತ್ತು ನಡುಕ ಹಾಗೆಯೇ ಮುಂದುವರಿದು, ಚೆನ್ನಾಗಿ ಉಂಡರೂ ತೂಕ ಇಳಿಯುತ್ತಿದ್ದರೆ ಅದು ಹಾರ್ಮೋನು ಹೆಚ್ಚಾಗಿರುವ ಬೇರೆ ಕಾಯಿಲೆಯೇ ಇರಬಹುದು, ಅದರ ಔಷಧ ಬೇರೆ. ಅದಕ್ಕೆ ಕಾರ್ಬಿಮಜೋಲ್ ಕೊಟ್ಟಿದ್ದಾಗ ಜ್ವರ, ಗಂಟಲುನೋವು ಬಂದರೆ ಕಷಾಯ ಕುಡಿದು ಕೂರದೆ ಅದೇ ದಿನ ಡಾಕ್ಟರರಿಗೆ ತಿಳಿಸಿ ರಕ್ತಪರೀಕ್ಷೆ ಮಾಡಿಸಬೇಕು. ಬಿಳಿ ರಕ್ತಕಣಗಳು ಕುಸಿದಿರುವ ಸಂಭವವಿರುತ್ತದೆ.

ಕೊರತೆಯ ಔಷಧ ಮಾತ್ರ ಬಲು ಸರಳ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ವೈದ್ಯ ಕುರಿಯ ಥೈರಾಯ್ಡಿನ ರಸವನ್ನು 46 ವರ್ಷದ ಒಬ್ಬ ಹೆಂಗಸಿಗೆ ಚುಚ್ಚಿದ. ಆಕೆ ಅದರ ಬಲದ ಮೇಲೆ ಇನ್ನೂ 28 ವರ್ಷ ಬದುಕಿದಳು. ಇಂದು ಅದೇ ಹಾರ್ಮೋನು ಪುಟ್ಟ ಮಾತ್ರೆಯಾಗಿ ಸಿಗುತ್ತದೆ. ಆದರೆ ಅದು ಕ್ರೋಸಿನ್ ಅಲ್ಲ. ನುಂಗಿದ ಹಾರ್ಮೋನಿನ ಅರ್ಧ ಭಾಗ ಕರಗಲು ಒಂದು ವಾರ ಬೇಕು, ರಕ್ತದಲ್ಲಿ ಮಟ್ಟ ನೆಲೆಗೊಳ್ಳಲು ಐದಾರು ವಾರ. ಆದ್ದರಿಂದಲೇ ಡಾಕ್ಟರರು ಆರರಿಂದ ಎಂಟು ವಾರ ಬಿಟ್ಟು ಮತ್ತೆ ಪರೀಕ್ಷೆಗೆ ಬನ್ನಿರೆನ್ನುವುದು. ನನಗೆ ಈ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಎಲ್ಲಕ್ಕಿಂತ ಕಠಿಣವಾದದ್ದು ಆ ಮೊದಲ ಆರು ವಾರಗಳೇ. ಹೆಸರು ಸಿಕ್ಕಿತ್ತು, ಮಾತ್ರೆ ಸಿಕ್ಕಿತ್ತು, ಸುಸ್ತು ಮಾತ್ರ ಹೋಗಿರಲಿಲ್ಲ. ‘ಔಷಧ ತಗೊಂಡರೂ ಹಿಂಗ್ಯಾಕ?’ ಎಂದು ಮನೆಯಲ್ಲಿ ಕೇಳುವವರಿಗೆ ಈ ಲೆಕ್ಕವನ್ನು ಮೊದಲೇ ತಿಳಿಸಿಡಿ.

ಮಾತ್ರೆಯ ದೊಡ್ಡ ಶತ್ರು ನಮ್ಮ ಮನೆಯಲ್ಲೇ ಇದೆ. ಅಮೃತತುಲ್ಯ ಚಹಾದ ಈ ಊರಿನಲ್ಲಿ ಹಠಹಿಡಿದು ಫಿಲ್ಟರ್ ಕಾಫಿ ಉಳಿಸಿಕೊಂಡವರು ನಾವು. ಮಾತ್ರೆಯ ಬೆನ್ನಿಗೇ ಕಾಫಿ ಕುಡಿದರೆ ಹಾರ್ಮೋನು ಸರಿಯಾಗಿ ಹೀರಲ್ಪಡುವುದಿಲ್ಲ. ಎದ್ದೊಡನೆ ಬರಿಹೊಟ್ಟೆಯಲ್ಲಿ ನೀರಿನೊಂದಿಗೆ ಮಾತ್ರೆ, ಅರ್ಧದಿಂದ ಒಂದು ಗಂಟೆಯ ನಂತರ ಕಾಫಿ. ಕಬ್ಬಿಣದ ಮತ್ತು ಕ್ಯಾಲ್ಸಿಯಂ ಮಾತ್ರೆಗಳಿಗಂತೂ ನಾಲ್ಕು ಗಂಟೆಯ ಅಂತರ ಬೇಕು. ಇನ್ನು ಕೂದಲು ಉದುರುತ್ತದೆಂದು ನೀವೇ ಕೊಂಡು ನುಂಗುವ ಬಯೋಟಿನ್ ಇನ್ನೊಂದು ಬಗೆಯ ತೊಂದರೆ. ಅದು ಕಾಯಿಲೆಯನ್ನು ಕೆಡಿಸುವುದಿಲ್ಲ, ಪರೀಕ್ಷೆಯ ಅಂಕಿಯನ್ನು ಕೆಡಿಸುತ್ತದೆ: ಟಿ.ಎಸ್.ಎಚ್. ಇದ್ದುದಕ್ಕಿಂತ ಕಡಿಮೆ ತೋರಬಹುದು. ರಕ್ತ ಕೊಡುವ ಎರಡು ದಿನ ಮೊದಲೇ ಅದನ್ನು ನಿಲ್ಲಿಸಬೇಕು. ಎಲೆಕೋಸು, ಹೂಕೋಸು ಬೇಯಿಸಿ ಹದವಾಗಿ ತಿಂದರೆ ಚಿಂತೆಯಿಲ್ಲ. ಈ ವಿಷಯದಲ್ಲಿ ಹಬ್ಬಿರುವ ಭಯ ಅತಿಯಾಯಿತು.

ಟಿ.ಎಸ್.ಎಚ್. ಸರಿಹೋದ ಮೇಲೂ ಸುಸ್ತು ಉಳಿದರೆ? ಆಗ ಎಲ್ಲವನ್ನೂ ಥೈರಾಯ್ಡಿನ ತಲೆಗೆ ಕಟ್ಟಬೇಡಿ. ರಕ್ತಹೀನತೆ, ಬಿ-12 ಕೊರತೆ, ಮನಸ್ಸಿನ ಖಿನ್ನತೆ ಇವೆಲ್ಲ ಇದೇ ವೇಷದಲ್ಲಿ ಬರುತ್ತವೆ, ಜೊತೆಜೊತೆಗೂ ಬರುತ್ತವೆ. ಕೇಳಿ ಪರೀಕ್ಷೆ ಮಾಡಿಸಿ. ಹಾಗೆಂದು ಮಾತ್ರೆಯನ್ನು ನೀವಾಗಿ ಏರಿಸಬೇಡಿ, ಹೆಚ್ಚಾದ ಹಾರ್ಮೋನು ಹೃದಯವನ್ನೂ ಮೂಳೆಯನ್ನೂ ಸವೆಸುತ್ತದೆ.

ಮತ್ತೆ ಆ ದುಭಾಷಿಯ ಕುರ್ಚಿಗೆ ಬರೋಣ. ತಾಯಿಯನ್ನು ಕರೆದೊಯ್ಯುವ ಹಿಂದಿನ ರಾತ್ರಿ ಆಕೆಯ ಪಕ್ಕ ಕುಳಿತು ಆಕೆಯ ಮಾತಿನಲ್ಲೇ ಬರೆದುಕೊಳ್ಳಿ. ಸುಸ್ತು ಎಂದರೆ ಯಾವಾಗ, ಎದ್ದೊಡನೆಯೇ ಅಥವಾ ಮೆಟ್ಟಿಲು ಹತ್ತಿದ ಮೇಲೆ? ಎಲ್ಲರೂ ಫ್ಯಾನ್ ಹಾಕಿಕೊಂಡಾಗ ಆಕೆ ಮಾತ್ರ ಶಾಲು ಹೊದೆಯುತ್ತಾಳೆಯೇ? ಇಂತಹ ಸಂಗತಿಗೆ ಅನುವಾದ ಬೇಡ, ಡಾಕ್ಟರರಿಗೆ ನೇರವಾಗಿ ತಿಳಿಯುತ್ತದೆ. ಮಗನ ಬಾಯಿಂದ ಹೇಳಿಸಲಾಗದ ಮಾತೊಂದಿದೆ, ಅದು ಮುಟ್ಟಿನದು. ತಾಯಿ ಅದನ್ನು ನುಂಗಿಕೊಂಡು ‘ಬ್ಯಾರೆ ಏನಿಲ್ಲ’ ಎಂದುಬಿಡುತ್ತಾಳೆ. ಆ ದಿನ ಮಗಳೋ ಸೊಸೆಯೋ ಅಕ್ಕಪಕ್ಕದ ಕನ್ನಡದ ಅಕ್ಕನೋ ಜೊತೆಗಿರಲಿ, ಇಲ್ಲವೆ ನೀವು ಐದು ನಿಮಿಷ ಹೊರಗೆ ನಿಲ್ಲಿ.

ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೊಂದು ಮಾತು. ಮಾತ್ರೆ ತೆಗೆದುಕೊಳ್ಳುತ್ತಿರುವವರು ಬಸಿರೆಂದು ತಿಳಿದ ಕೂಡಲೇ, ಮೂರನೆಯ ತಿಂಗಳಿಗೆ ಕಾಯದೆ, ಡಾಕ್ಟರರಿಗೆ ಹೇಳಬೇಕು. ಮೊದಲ ತಿಂಗಳುಗಳಲ್ಲಿ ಶಿಶು ತಾಯಿಯ ಹಾರ್ಮೋನನ್ನೇ ನಂಬಿರುತ್ತದೆ, ಆದ್ದರಿಂದ ಮಾತ್ರೆಯ ಪ್ರಮಾಣವನ್ನು ಹೆಚ್ಚಾಗಿ ಕಾಲು ಭಾಗದಿಂದ ಅರ್ಧದವರೆಗೆ ಏರಿಸಬೇಕಾಗುತ್ತದೆ. ಅತ್ತೆಯ ಮನೆಯಲ್ಲಿ ‘ಬಸುರಿ ಮಾತ್ರೆ ನುಂಗಬಾರದು’ ಎಂದಾರು. ಈ ಮಾತ್ರೆಯನ್ನು ಬಿಡಬಾರದು.

ರಜೆಗೆ ಊರಿಗೆ ಹೊರಟಾಗ ಮಾತ್ರೆಯ ಬಾಟಲಿಯನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಬಿಸಿಲಿಗೂ ತೇವಕ್ಕೂ ಅದು ಕೆಡುತ್ತದೆ. ಸಿಕ್ಕರೆ ಪ್ರತಿಸಲವೂ ಒಂದೇ ಕಂಪನಿಯದನ್ನು ಕೊಳ್ಳಿ. ಮದುವೆಮನೆಯ ಗದ್ದಲದಲ್ಲಿ ಒಂದು ದಿನ ಮರೆತುಹೋದರೆ ಗಾಬರಿ ಬೇಡ. ನಿನ್ನೆ ಮೊನ್ನೆ ನುಂಗಿದ್ದು ಇನ್ನೂ ಮೈಯಲ್ಲಿ ಇದ್ದೇ ಇರುತ್ತದೆ. ಮರುದಿನ ಬೆಳಿಗ್ಗೆ, ಕಾಫಿಗೆ ಮೊದಲು, ಎಂದಿನಂತೆ ಶುರುಮಾಡಿ.