ಬೆಸುಗೆಯ ಗುರುತು ಉಳಿಸಿಕೊಂಡ ಬೀರು

ಅಮೆರಿಕದ ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಎಂದೊಡನೆ ಪೀಠೋಪಕರಣ ಬಲ್ಲವರಿಗೆ ನೆನಪಾಗುವುದು ಮರ. ಹಲಗೆಯ ಸಹಜ ಅಂಚನ್ನು ಹಾಗೆಯೇ ಉಳಿಸಿ ಮೇಜು ಮಾಡುತ್ತಿದ್ದ ಜಾರ್ಜ್ ನಾಕಾಶಿಮಾ ಅವರ ಕಾರ್ಯಾಗಾರ ಇದ್ದದ್ದು ಅಲ್ಲಿ. ಬೆಳ್ಳಿ ಕೆಲಸ ಕಲಿತು 1950ರ ದಶಕದಲ್ಲಿ ಅದೇ ಊರಿಗೆ ಬಂದ ಪಾಲ್ ಎವಾನ್ಸ್ (1931–1987) ಮಾತ್ರ ಉಕ್ಕು, ತಾಮ್ರ, ಕಂಚು, ಸ್ಲೇಟುಕಲ್ಲುಗಳ ದಾರಿ ಹಿಡಿದರು. ಮೊದಲಿಗೆ ಮರದ ಕುಶಲಿ ಫಿಲಿಪ್ ಲಾಯ್ಡ್ ಪೊವೆಲ್ ಅವರ ಜೊತೆಗೂಡಿ, ಆಮೇಲೆ ಸ್ವಂತವಾಗಿ ಅವರು ಮಾಡಿಸಿದ ಬೀರು, ಮೇಜುಗಳು ಇಂದು ಹರಾಜುಗಳಲ್ಲಿ ದೊಡ್ಡ ಬೆಲೆಗೆ ಹೋಗುತ್ತವೆ. ಆದರೆ ಎವಾನ್ಸ್ ಮುಖ್ಯರಾಗುವುದು ಬೆಲೆಯಿಂದಲ್ಲ. ಒಂದು ವಸ್ತು ಕೈಕೆಲಸವೆನಿಸುವುದು ಅದನ್ನು ಯಾರ ಕೈ ಮುಟ್ಟಿತು ಎಂಬುದರಿಂದಲ್ಲ, ಮಾಡುವ ಹೊತ್ತಿನಲ್ಲಿ ಕೈಗೆ ತೀರ್ಮಾನಿಸುವ ಸ್ವಾತಂತ್ರ್ಯ ಎಷ್ಟಿತ್ತು ಎಂಬುದರಿಂದ. ಇದನ್ನು ಅವರ ಕೆಲಸದಷ್ಟು ಸ್ಪಷ್ಟವಾಗಿ ತೋರಿಸುವವು ಕಡಿಮೆ.

ಅವರ ‘ಸ್ಕಲ್ಪ್ಟೆಡ್ ಫ್ರಂಟ್’ ಬೀರುಗಳನ್ನೇ ನೋಡಿ. ಬಾಗಿಲಿನ ಮುಖವನ್ನು ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಒಂದೊಂದರಲ್ಲೂ ಉಕ್ಕನ್ನು ಕತ್ತರಿಸಿ, ಬಗ್ಗಿಸಿ, ಬೆಸೆದು ಬೇರೆ ಬೇರೆ ಆಕಾರ ಕೂರಿಸಲಾಗುತ್ತಿತ್ತು. ಅದರ ಮೇಲೆ ಬಣ್ಣ, ಅಲ್ಲಲ್ಲಿ ಬಂಗಾರದ ರೇಕು. ಬೆಸುಗೆ ಕರಗಿ ಗಟ್ಟಿಯಾದ ಗಂಟುಗಳನ್ನು ಉಜ್ಜಿ ಅಳಿಸುವ ಬದಲು ಅವನ್ನೇ ಅಲಂಕಾರವಾಗಿಸಿದ್ದು ಬೆಳ್ಳಿ ಕೆಲಸದ ನಯ ಬಲ್ಲವರೊಬ್ಬರ ಧೈರ್ಯದ ನಡೆ. ಇಷ್ಟು ಗದ್ದಲದ ಮುಖಕ್ಕೆ ಹಲವು ಬಾರಿ ಮೇಲುಹಾಸಾಗಿ ಬಂದದ್ದು ಸ್ಲೇಟು, ನಮ್ಮ ಶಾಲೆಯ ಪಾಟಿಯಾಗಿದ್ದ ಅದೇ ಪದರಗಲ್ಲು. ಪದರದಗುಂಟ ಸೀಳಿದಾಗ ಅದರ ಮೈ ಸ್ವಲ್ಪ ಏರಿಳಿತದ್ದಾಗಿ, ಹೊಳಪಿಲ್ಲದ ಕಡುಬೂದಿಯಾಗಿ ಉಳಿಯುತ್ತದೆ. ಉಕ್ಕಿನೊಡನೆ ಪೈಪೋಟಿಗಿಳಿಯದೆ ಇಡೀ ಬೀರಿಗೆ ತೂಕ ಕೊಡುವುದು ಈ ಕಲ್ಲೇ.

ಇವೆಲ್ಲ ಎವಾನ್ಸ್ ಅವರ ಕೈಯಿಂದಲೇ ಆದವಲ್ಲವಲ್ಲ ಎಂಬ ಆಕ್ಷೇಪವಿದೆ. ನಿಜ. ಕಾರ್ಯಾಗಾರದಲ್ಲಿ ಡಾರ್ಸಿ ರೀಡಿಂಗ್ ಅವರಂಥ ಲೋಹಗಾರರು ವರ್ಷಗಟ್ಟಲೆ ದುಡಿದರು. 1964ರಿಂದ ಡೈರೆಕ್ಷನಲ್ ಎಂಬ ಕಂಪನಿಯ ಮೂಲಕ ಮಾರಾಟವೂ ಹಿಗ್ಗಿತು. ಆದರೂ ಚೌಕದೊಳಗಿನ ಆಕಾರವನ್ನು ಅಚ್ಚು ಒತ್ತಿ ತೆಗೆಯಲಿಲ್ಲ. ಕಾಸಿದ ಲೋಹ ಹೇಗೆ ಬಾಗಿತೋ ನೋಡಿ ಕೆಲಸಗಾರ ಮುಂದಿನದನ್ನು ಹೊಂದಿಸಬೇಕಿತ್ತು. ಹಾಗಾಗಿ ಕೀರ್ತಿಯನ್ನು ಒಬ್ಬರಿಗೇ ಕಟ್ಟುವುದು ತಪ್ಪು ಎನ್ನಬಹುದೇ ಹೊರತು, ಇದು ಕೈಕೆಲಸವೇ ಅಲ್ಲ ಎನ್ನಲಾಗದು. ಇನ್ನೊಂದು ಆಕ್ಷೇಪ ವಸ್ತುವಿನ ಪ್ರಾಮಾಣಿಕತೆಯದು. ‘ಸ್ಕಲ್ಪ್ಟೆಡ್ ಬ್ರಾಂಜ್’ ಎಂಬ ಸರಣಿ ಇಡಿಯಾಗಿ ಎರಕ ಹೊಯ್ದ ಕಂಚಲ್ಲ. ಒಳಗಿರುವುದು ಪ್ಲೈವುಡ್, ಅದರ ಮೇಲೆ ಕೈಯಿಂದ ತಿದ್ದಿದ ರಾಳ, ಹೊರಗೆ ಕಂಚಿನ ಲೇಪ. ಹೆಸರು ಹೆಚ್ಚನ್ನೇ ಹೇಳುತ್ತದೆ, ಒಪ್ಪೋಣ. ಆದರೆ ಎರಕದ ಕಂಚಿನಲ್ಲಿ ಊಟದ ಮೇಜು ಮಾಡಿದರೆ ಅದನ್ನು ಸರಿಸುವವರು ಯಾರು? ರಾಳ ಗಟ್ಟಿಯಾಗುವ ಮುನ್ನ ಸಿಗುವ ಅಷ್ಟು ಹೊತ್ತಿನಲ್ಲಿ ಆಕಾರ ತೆಗೆಯುವುದಕ್ಕೂ ಪಳಗಿದ ಕೈಯೇ ಬೇಕು.

ಈ ಅಳತೆಗೋಲು ಎವಾನ್ಸ್ ಅವರ ಪರವಾಗಿಯೇ ಸದಾ ವಾಲುವುದಿಲ್ಲ. 1970ರ ದಶಕದ ‘ಸಿಟಿಸ್ಕೇಪ್’ ಸರಣಿಯಲ್ಲಿ ಕ್ರೋಮ್, ಹಿತ್ತಾಳೆಯ ನುಣುಪು ತಗಡುಗಳು ಅಂದವಾಗಿ ಜೋಡಣೆಗೊಂಡಿವೆ, ಮಾಡಿದವರೂ ನಿಪುಣರೇ. ಆದರೆ ಅಲ್ಲಿ ತೀರ್ಮಾನಗಳೆಲ್ಲ ನಕ್ಷೆಯಲ್ಲೇ ಮುಗಿದುಹೋಗಿವೆ. ಕೈಗೆ ಉಳಿದದ್ದು ಅದನ್ನು ಪಾಲಿಸುವ ಕೆಲಸವಷ್ಟೆ.