ಮುಳ್ಳು ಮೂಡಿದ ಎಳ್ಳು

ಅಂಜನಾದ್ರಿಯ ಬುಡದ ಹನುಮನಹಳ್ಳಿಯಿಂದ ಹಿಡಿದು ಕುಷ್ಟಗಿ, ಯಲಬುರ್ಗಾ ಸೀಮೆಯವರೆಗೆ ಸಂಕ್ರಾಂತಿಯಂದು ಕೈಯಿಂದ ಕೈಗೆ ದಾಟುವ ಬಿಳಿಯ ಕಾಳೊಂದುಂಟು. ಮೈತುಂಬ ಮುಳ್ಳು, ಕಡಿದರೆ ಒಳಗೆ ಎಳ್ಳು. ಅದೇ ಕುಸುರೆಳ್ಳು. ಹಳೆ ಮೈಸೂರಿನವರು ಎಳ್ಳಿಗೆ ಬೆಲ್ಲ, ಕೊಬ್ಬರಿ, ಕಡಲೆ ಬೆರೆಸಿ ಬೀರಿದರೆ, ಉತ್ತರ ಕರ್ನಾಟಕದವರಿಗೆ ಕುಸುರೆಳ್ಳಿಲ್ಲದೆ ಹಬ್ಬ ಕಳೆಗಟ್ಟದು.

ಕುಸುರಿ ಎಂದರೆ ನವುರಾದ ಕೆಲಸ. ಹೆಸರಿಗೆ ತಕ್ಕಂತೆ ಇದನ್ನು ಮಾಡುವುದೂ ಅಷ್ಟೇ ನಾಜೂಕು. ಸಣ್ಣ ಕೆಂಡದ ಮೇಲೆ ಅಗಲವಾದ ತಟ್ಟೆಯಿಟ್ಟು, ಹುರಿದ ಎಳ್ಳು ಹರಡಿ, ಸಕ್ಕರೆ ಪಾಕವನ್ನು ಚಮಚದಷ್ಟೇ ಚಿಮುಕಿಸಿ ಬೆರಳಿನಿಂದ ಆಡಿಸುತ್ತಿರಬೇಕು. ನೀರು ಆರಿದಂತೆ ಸಕ್ಕರೆ ಹರಳುಗಟ್ಟಿ ಕಾಳಿಗೆ ಅಂಟುತ್ತದೆ. ಪದರದ ಮೇಲೆ ಪದರ ಕೂತಂತೆ ಮುಳ್ಳು ಏಳುತ್ತದೆ. ಪಾಕ ಹೆಚ್ಚಾದರೆ ಕಾಳುಗಳೆಲ್ಲ ಒಂದೇ ಮುದ್ದೆ! ಗಾಳಿಯಲ್ಲಿ ತೇವವಿದ್ದರೆ ಮುಳ್ಳು ಮೂಡದು. ಪುಷ್ಯದ ಒಣ ಚಳಿಯೇ ಇದಕ್ಕೆ ಹೇಳಿಮಾಡಿಸಿದ ಕಾಲ. ಇಷ್ಟಾದರೂ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ.

ತಿನ್ನುವುದಕ್ಕಷ್ಟೇ ಇಷ್ಟು ಕಷ್ಟವೇಕೆ? ಕುಸುರೆಳ್ಳು ತೊಡುವ ವಸ್ತುವೂ ಹೌದು. ಮೊದಲ ಸಂಕ್ರಾಂತಿಯ ಕೂಸಿಗೆ, ಹೊಸ ಮದುವಣಗಿತ್ತಿಗೆ ಇದರಿಂದ ಸರ, ಬಳೆ, ಕಿರೀಟ ಮಾಡಿ ತೊಡಿಸುವ ರೂಢಿ ಈ ಭಾಗದಲ್ಲೂ ಮಹಾರಾಷ್ಟ್ರದಲ್ಲೂ ಇದೆ. ಬಂಗಾರವಿಲ್ಲದ ಮನೆಯ ಕೂಸೂ ಅಂದು ಮೈತುಂಬ ಒಡವೆ ಹಾಕಿಕೊಳ್ಳುತ್ತದೆ. ಮಾತು ಬಿಟ್ಟವರ ಮನೆಗೆ ಹೋಗಲೂ ಹಬ್ಬದ ನೆವ ಸಾಕು. ನಾಲ್ಕು ಕಾಳು ಅಂಗೈಗೆ ಬಿದ್ದ ಮೇಲೆ ಮುಖ ತಿರುಗಿಸುವುದು ಕಷ್ಟ.

ಬೀಜಕ್ಕೆ ಸಕ್ಕರೆ ಹೊದಿಸುವ ವಿದ್ಯೆ ನಮ್ಮದೊಂದೇ ಅಲ್ಲ. ಮಧ್ಯಯುಗದ ಯುರೋಪಿನಲ್ಲಿ ಸಕ್ಕರೆ ತುಟ್ಟಿಯ ಪದಾರ್ಥ. ಮಾರುತ್ತಿದ್ದವರು ಔಷಧಿ ವ್ಯಾಪಾರಿಗಳು. ಸೋಂಪು, ಕೊತ್ತಂಬರಿ ಬೀಜಗಳಿಗೆ ಸಕ್ಕರೆ ಕವಚ ತೊಡಿಸಿ, ಊಟವಾದ ಮೇಲೆ ಜೀರ್ಣಕ್ಕೆಂದು ಕೊಡುತ್ತಿದ್ದರು. ನಮ್ಮ ಹೋಟೆಲುಗಳಲ್ಲಿ ಬಿಲ್ಲಿನ ಜೊತೆ ಬರುವ ಬಣ್ಣದ ಸೋಂಪೂ ಅದೇ ಕುಲದ್ದು. ಇಟಲಿಯ ಉತ್ಸವಗಳಲ್ಲಿ ಜನ ಇಂಥ ಮಿಠಾಯಿಯನ್ನು ಒಬ್ಬರ ಮೇಲೊಬ್ಬರು ಎರಚುತ್ತಿದ್ದರು. ಮುಂದೆ ಸಕ್ಕರೆಯ ಬದಲು ಸುಣ್ಣದ ಉಂಡೆ, ಕೊನೆಗೆ 19ನೇ ಶತಮಾನದಲ್ಲಿ ಕಾಗದದ ಚೂರು ಬಂತು. ಅಲ್ಲಿ ಆ ಚೂರುಗಳಿಗೆ ಇಂದಿಗೂ 'ಕೊರಿಯಾಂಡೊಲಿ' ಎಂದೇ ಹೆಸರು. ಅದು ಕೊತ್ತಂಬರಿಯಿಂದ ಬಂದ ಪದ. ಕಹಿ ಮಾತ್ರೆಗೆ ಸಕ್ಕರೆ ಲೇಪಿಸುವ ಯಂತ್ರವೂ ತಿರುಗುವ ಕಡಾಯಿಯಲ್ಲಿ ಮಾಡುವುದು ಇದನ್ನೇ.

ಈಗ ಕುಸುರೆಳ್ಳೂ ಪೊಟ್ಟಣದಲ್ಲಿ ಸಿಗುತ್ತದೆ, ಹಸಿರು, ಗುಲಾಬಿ ಬಣ್ಣಗಳಲ್ಲಿ. ಕೆಂಡದ ಮುಂದೆ ಗಂಟೆಗಟ್ಟಲೆ ಕೂರಲು ಯಾರಿಗೆ ಪುರಸೊತ್ತು ಎಂಬುದು ನಿಜವೇ. ಆದರೆ ಅಂಗಡಿಯ ಕಾಳು ಎಷ್ಟೋ ಸಲ ಗುಂಡಗೆ, ನುಣ್ಣಗಿರುತ್ತದೆ. ಅದನ್ನು ಬಾಯಿಗಿಟ್ಟ ಅಜ್ಜಿಯರು ಮೊದಲು ನಾಲಿಗೆಯಲ್ಲಿ ಹುಡುಕುವುದು ಮುಳ್ಳನ್ನು.